ಅಳೆಯದೆ ಹಾಯಿಸಿ ಎಂದರು

ಕೋವಿಡ್ ಮುಗಿದ ಎರಡನೆಯ ವರ್ಷ. ನಾನು ಮಂಡ್ಯದ ಒಂದು ಖಾಸಗಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಮೆಡಿಕಲ್ ಫಿಸಿಸಿಸ್ಟ್ ಆಗಿದ್ದೆ. ನಾನು ವೈದ್ಯೆಯಲ್ಲ. ವೈದ್ಯರು ಬರೆದಷ್ಟೇ ವಿಕಿರಣವನ್ನು ಯಂತ್ರ ಕೊಡುತ್ತಿದೆಯೇ ಎಂದು ಅಳೆದು, ಸರಿ ಎಂದು ಸಹಿ ಹಾಕುವುದು ನನ್ನ ಕೆಲಸ.

ಆ ವರ್ಷ ವಿಕಿರಣ ಕೊಡುವ ನಮ್ಮ ಲಿನ್ಯಾಕ್ ಯಂತ್ರಕ್ಕೆ ಎಫ್‌ಎಫ್‌ಎಫ್ ಬೀಮ್, ಅಂದರೆ ಹೊಸ ಬಗೆಯ ಕಿರಣ, ಸೇರಿಸಿದರು. ಲಿನ್ಯಾಕ್‌ನಿಂದ ಹೊರಡುವ ಎಕ್ಸ್‌ರೇ ನಡುವೆ ದಟ್ಟವಾಗಿಯೂ ಅಂಚಿನಲ್ಲಿ ತೆಳುವಾಗಿಯೂ ಇರುತ್ತದೆ. ಅದನ್ನು ಸಮ ಮಾಡಲು ದಾರಿಯಲ್ಲಿ ಲೋಹದ ಶಂಕುವೊಂದನ್ನು ಇಟ್ಟಿರುತ್ತಾರೆ. ಅದು ಫ್ಲಾಟನಿಂಗ್ ಫಿಲ್ಟರ್. ಅದನ್ನು ಸರಿಸಿದರೆ ಸಿಗುವ 'ಫ್ಲಾಟನಿಂಗ್ ಫಿಲ್ಟರ್ ಫ್ರೀ' ಬೀಮೇ ಎಫ್‌ಎಫ್‌ಎಫ್. ಶಂಕು ತಡೆಯುತ್ತಿದ್ದ ಕಿರಣವೂ ಹೊರಬರುವುದರಿಂದ ಚಿಕಿತ್ಸೆ ಬೇಗ ಮುಗಿಯುತ್ತದೆ. ಸಣ್ಣ ಗೆಡ್ಡೆಗೆ ಒಂದೇ ಸಲಕ್ಕೆ ಹೆಚ್ಚು ಡೋಸ್ ಕೊಡುವಾಗ ಇದು ಬಹಳ ಉಪಯುಕ್ತ. ಆದರೆ ಬಳಸುವ ಮೊದಲು ನಮ್ಮದೇ ಯಂತ್ರದ ಬೀಮನ್ನು ರೋಗಿಯ ಮೈಗೆ ಬದಲಾಗಿ ನೀರಿನ ತೊಟ್ಟಿಗೆ ಹಾಯಿಸಿ ಇಂಚಿಂಚಾಗಿ ಅಳೆಯಲೇಬೇಕು.

ನಮ್ಮ ಆಡಳಿತಾಧಿಕಾರಿಗೆ ಇದರಲ್ಲಿ ಕೇಳಿಸಿದ್ದು 'ಬೇಗ' ಎಂಬ ಒಂದೇ ಮಾತು. ಅಳತೆಗೆ ಯಂತ್ರ ಬಿಟ್ಟುಕೊಡಿ ಎಂದಾಗ ಅವರು ಕುರ್ಚಿಯಲ್ಲಿ ಒರಗಿಕೊಂಡೇ ಹೇಳಿದರು: "ಮಷೀನ್ ಕಂಪನಿ ಕೊಟ್ಟ ಡೇಟಾ ಇದೆಯಲ್ಲ ಮೇಡಂ, ಅದನ್ನೇ ಹಾಕಿ ಶುರು ಮಾಡಿ. ಎಲ್ಲಾ ಮಷೀನೂ ಒಂದೇ."

"ಒಂದೇ ಅಂತ ಗೊತ್ತಾಗೋದಕ್ಕೂ ಅಳೀಬೇಕು ಸರ್," ಎಂದೆ. ಅವರು ಫೋನ್ ಎತ್ತಿಕೊಂಡರು.

ಅದೇ ವಾರ ಸಾಕಮ್ಮ ಬಂದರು. ಕಿರುಗಾವಲಿನ ಬಸ್ ನಿಲ್ದಾಣದ ಬಳಿ ಟೀ ಹೋಟೆಲ್ ನಡೆಸುತ್ತಿದ್ದ ಹೆಂಗಸು. ಶ್ವಾಸಕೋಶದಲ್ಲಿ ಚಿಕ್ಕ ಗೆಡ್ಡೆ; ಆಪರೇಷನ್ ತಡೆಯುವಷ್ಟು ಉಸಿರಿನ ಬಲವಿಲ್ಲ. ಹೆಚ್ಚು ಹೊತ್ತು ಮಲಗಿದರೆ ಕೆಮ್ಮು, ಕೆಮ್ಮಿದರೆ ಗೆಡ್ಡೆ ಕದಲುತ್ತದೆ. ನಮ್ಮ ರೇಡಿಯೇಷನ್ ವೈದ್ಯೆ ಡಾ. ಶೈಲಜಾ ಎಫ್‌ಎಫ್‌ಎಫ್ ಬೀಮನ್ನೇ ಆರಿಸಿದರು. "ಒಂದೆರಡು ವಾರ ಕಾಯಬಹುದು, ಅದಕ್ಕಿಂತ ಬೇಡ," ಎಂದು ನನಗೆ ತಿಳಿಸಿದರು. ಆಡಳಿತಾಧಿಕಾರಿ ನನ್ನನ್ನು ಕೇಳದೆ ಸೋಮವಾರವೇ ಚಿಕಿತ್ಸೆ ಎಂದು ಸಾಕಮ್ಮನಿಗೆ ಹೇಳಿಬಿಟ್ಟಿದ್ದರು. ನಾನು ಸಹಿ ಹಾಕಲಿಲ್ಲ.

ಸೋಮವಾರ ಸಾಕಮ್ಮ ಮಗಳ ತೋಳು ಹಿಡಿದುಕೊಂಡು ನನ್ನ ಕೋಣೆಗೇ ಬಂದರು.

"ಏನವ್ವ, ನಿನ್ನಿಂದ್ಲೇ ನನ್ ಟ್ರೀಟ್‌ಮೆಂಟು ನಿಂತೋಗೈತಂತೆ? ಆ ಆಪೀಸಿನ ಸಾರು ಅಂಗಂದ್ರು. ನಾನೇನ್ ಮಾಡಿದ್ದೆ ನಿಂಗೆ?"

ನನ್ನ ಮೈ ಉರಿದುಹೋಯಿತು. ನನ್ನ ಜೊತೆಗಿನ ಜಗಳಕ್ಕೆ ಆ ಮನುಷ್ಯ ಉಸಿರಾಡಲು ಕಷ್ಟಪಡುವ ರೋಗಿಯನ್ನು ಮುಂದೆ ಬಿಟ್ಟಿದ್ದರು. ಸಾಕಮ್ಮನನ್ನು ಕೂರಿಸಿ, ಯಂತ್ರದಲ್ಲಿ ಹೊಸ ಕಿರಣ ಬಂದಿದೆ, ಅದು ಎಷ್ಟು ಬೀಳುತ್ತದೆಂದು ನಾವಿನ್ನೂ ನೋಡಿಲ್ಲ, ನೋಡಲು ಬಿಡುತ್ತಿಲ್ಲ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ.

ಸಾಕಮ್ಮ ಮಗಳ ತೋಳು ಬಿಟ್ಟು ನೆಟ್ಟಗೆ ಕೂತರು. "ನೋಡ್ದಲೇ ನನ್ ಮೈಗೆ ಬುಡಾಕೆ ಒಂಟಿದ್ರಾ? ಅಳ್ದು ನೋಡವ್ವ. ಅಲ್ಲೀಗಂಟ ನಾನ್ ಮಲಗಾಕಿಲ್ಲ ಕಣವ್ವ."

ಅಲ್ಲಿಂದೆದ್ದು ಆಡಳಿತಾಧಿಕಾರಿಯ ಬಾಗಿಲಿಗೂ ಹೋಗಿ ಅದನ್ನೇ, ಹೊರಗೆ ಕುಳಿತವರಿಗೆಲ್ಲ ಕೇಳುವಂತೆ ಹೇಳಿದರು. ಡಾ. ಶೈಲಜಾ ಕೂಡ ಅಳತೆಯಿಲ್ಲದೆ ಚಿಕಿತ್ಸೆ ಕೊಡುವುದಿಲ್ಲವೆಂದು ಬರೆದುಕೊಟ್ಟರು. ಅಂದು ಸಂಜೆ ಯಂತ್ರ ಸಿಕ್ಕಿತು.

ಹಗಲು ಉಳಿದ ರೋಗಿಗಳ ಚಿಕಿತ್ಸೆ ಮುಗಿದ ಮೇಲೆ ನಿತ್ಯ ಸಂಜೆ ಅಳೆದೆವು. ಅಗಲವಾದ ಬೀಮಿನಲ್ಲಿ ಎಲ್ಲವೂ ಕಂಪನಿ ಡೇಟಾದಂತೆಯೇ ಇತ್ತು. ಸಾಕಮ್ಮನ ಗೆಡ್ಡೆಗೆ ಬೇಕಾದಷ್ಟು ಕಿರಿದು ಮಾಡಿದಾಗ ಮಾತ್ರ ಡೋಸ್ ಕಡಿಮೆ ಬಂತು. ತಪ್ಪು ನನ್ನದೇ ಇರಬಹುದೆಂದು ಮೈಸೂರಿನ ಸಹೋದ್ಯೋಗಿಯಿಂದ ಡೋಸ್ ಅಳೆಯುವ ಇನ್ನೂ ಚಿಕ್ಕ ಡಿಟೆಕ್ಟರ್ ತರಿಸಿ ನೋಡಿದೆ. ಅದೂ ಕಡಿಮೆಯೇ ತೋರಿಸಿತು, ಒಪ್ಪಬಹುದಾದ ಮಿತಿಯನ್ನು ಮೀರಿ. ಕಂಪನಿಯ ಎಂಜಿನಿಯರ್ ಬಂದು ಯಂತ್ರ ಬಿಚ್ಚಿದ ಮೇಲೆ ಕಾರಣ ತಿಳಿಯಿತು: ಬೀಮಿಗೆ ಆಕಾರ ಕೊಡುವ ಲೋಹದ ಪಟ್ಟಿಗಳು ಇರಬೇಕಾದ ಜಾಗಕ್ಕಿಂತ ಕೂದಲೆಳೆಯಷ್ಟು ಒಳಗೆ ಸರಿದಿದ್ದವು. ಅಗಲ ಬೀಮಿನಲ್ಲಿ ಲೆಕ್ಕಕ್ಕೇ ಬಾರದ ಆ ಎಳೆ, ಕಿರಿದಾದ ಬೀಮಿನ ಎರಡೂ ಬದಿಯನ್ನು ಕಡಿದುಹಾಕುತ್ತಿತ್ತು. ಸೋಮವಾರವೇ ಶುರು ಮಾಡಿದ್ದರೆ ಗೆಡ್ಡೆಗೆ ಪೂರ್ತಿ ಡೋಸ್ ಬಿತ್ತೆಂದು ಕಂಪ್ಯೂಟರ್ ತೋರಿಸುತ್ತಿತ್ತು. ನಿಜದಲ್ಲಿ ಗೆಡ್ಡೆ ಅರೆಬರೆ ಸುಟ್ಟು ಉಳಿದುಕೊಳ್ಳುತ್ತಿತ್ತು.

ಸರಿಪಡಿಸಿ, ಮತ್ತೆ ಅಳೆದು, ಸಹಿ ಹಾಕಿದೆ. ಡಾ. ಶೈಲಜಾ ಹೇಳಿದ ಗಡುವಿನೊಳಗೇ ಚಿಕಿತ್ಸೆ ಆರಂಭವಾಯಿತು. ಉಸಿರು ಹಿಡಿದು ಬಿಡುವಷ್ಟರಲ್ಲಿ ಒಂದೊಂದು ಬೀಮ್ ಮುಗಿಯುತ್ತಿತ್ತು. "ಇಷ್ಟೇನಾ?" ಎಂದು ಸಾಕಮ್ಮ ಎದ್ದು ಕೂತರು. ತಿಂಗಳುಗಳ ನಂತರದ ಸ್ಕ್ಯಾನ್‌ನಲ್ಲಿ ಗೆಡ್ಡೆಯ ಜಾಗದಲ್ಲಿ ಕಲೆಯಷ್ಟೇ ಉಳಿದಿತ್ತು.

ಆಡಳಿತಾಧಿಕಾರಿ ಸಿಬ್ಬಂದಿ ಸಭೆಯಲ್ಲಿ ನಮ್ಮ ಯಂತ್ರದ ನಿಖರತೆಯನ್ನು ಹೊಗಳಿದರು. ಸಾಕಮ್ಮನಿಗೆ ಹೇಳಿದ ಸುಳ್ಳಿಗೆ ಕ್ಷಮೆ ಕೇಳಲಿಲ್ಲ, ನನ್ನಲ್ಲೂ ಕೇಳಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯಬೇಕೆಂಬ ಆಸೆಯೂ ಇಲ್ಲ. ಊಟಕ್ಕೆ ಉಪ್ಪು ಕಡಿಮೆಯಾದರೆ ಯಾರಾದರೂ ಹೇಳುತ್ತಾರೆ. ವಿಕಿರಣ ಕಣ್ಣಿಗೆ ಕಾಣದು, ಮೈಗೆ ತಾಕಿದ್ದು ತಿಳಿಯದು. ಕಡಿಮೆ ಬಿದ್ದಿದೆ ಎಂದು ದೂರಲು ರೋಗಿಗೆ ದಾರಿಯೇ ಇಲ್ಲ. ಅವರ ಪರವಾಗಿ, ಅವರಿಗಿಂತ ಮೊದಲೇ ದೂರಬೇಕಾದವರು ನಾವು. ಈ ವೃತ್ತಿ ನನಗೆ ಕಲಿಸಿದ್ದು ಅದನ್ನೇ.