ಮೋಹನದಾಸರು ಚರ್ಚು ಹುಡುಕಿದ್ದು

ಮೋಹನದಾಸ ಕರ್ಕಡರ ಕಿವಿ ಮಂದವಾದದ್ದು ಒಂದೇ ದಿನದಲ್ಲಲ್ಲ. ಹುಡುಗನಾಗಿದ್ದಾಗ ಮಲ್ಪೆಯಿಂದ ಬಂದು, ಮುಂಬಯಿ ಹತ್ತಿರದ ಡೊಂಬಿವಲಿಯ ಕೈಗಾರಿಕಾ ಪ್ರದೇಶ ಎಂಐಡಿಸಿಯ ಒಂದು ಕಾರ್ಖಾನೆಯಲ್ಲಿ ತಗಡು ಒತ್ತುವ ಪ್ರೆಸ್ಸಿನ ಮುಂದೆ ನಿಂತವರು, ತಲೆ ನರೆಯುವ ತನಕ ಅಲ್ಲೇ ನಿಂತರು. ಆ ಯಂತ್ರದ ಧಡ್ ಧಡ್ ಸದ್ದು ಕಿವಿಯನ್ನು ದಿನಕ್ಕಿಷ್ಟು ಎಂದು ತಿನ್ನುತ್ತಾ ಬಂತು. ೨೦೦೯ರಲ್ಲಿ ನಿವೃತ್ತರಾದಾಗ ಕಂಪನಿಯವರು ಹಾರ ಹಾಕಿ ಭಾಷಣ ಮಾಡಿದರು. ಯಾರು ಏನೆಂದು ಹೊಗಳಿದರೋ ಅವರಿಗೆ ತಿಳಿಯಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದಾಗ ತಾವೂ ಜೋರಾಗಿ ತಟ್ಟಿದರು. ಪಕ್ಕದವನು ಕೈ ಹಿಡಿದು ನಿಲ್ಲಿಸಿದ ಮೇಲೆಯೇ ಗೊತ್ತಾದದ್ದು, ಚಪ್ಪಾಳೆ ತಮಗೇ ಎಂದು.

ಮಗಳು ಸುಮೇಧಾ ಕಿವಿಗೆ ಮಷೀನು ಕೊಡಿಸಿದಳು. ಮನೆಯಲ್ಲಿ ಅದು ಪರವಾಗಿರಲಿಲ್ಲ. ಫ್ಯಾನು ಆರಿಸಿ, ಕಿಟಕಿ ಮುಚ್ಚಿ, ಹೆಂಡತಿ ಸುಗುಣಾ ಎಡಗಿವಿಯ ಹತ್ತಿರ ಕೂತು ಮಾತಾಡಿದರೆ ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಕೇಳುತ್ತಿತ್ತು. ಆದರೆ ಚರ್ಚಿನಲ್ಲಿ ಅದೇ ಮಷೀನು ವೈರಿಯಾಯಿತು. ಅವರ ಕನ್ನಡ ಸಭೆ ಸೇರುತ್ತಿದ್ದದ್ದು ಠಾಣೆಯ ಮಾಜಿವಾಡಾದ ಹತ್ತಿರ, ಒಂದು ಶಾಲೆಯ ಹಾಲ್‌ನಲ್ಲಿ, ಭಾನುವಾರ ಮಧ್ಯಾಹ್ನದ ಮೇಲೆ. ಹಾಲ್ ತುಂಬ ಹಳೇ ಫ್ಯಾನುಗಳು. ಮಷೀನು ಹಾಕಿಕೊಂಡರೆ ಫ್ಯಾನಿನ ಗರಗರ, ಬೆಂಚಿನ ಕಿರಕಿರ, ಹೊರಗೆ ಹೈವೇಯ ಲಾರಿ ಎಲ್ಲವೂ ದೊಡ್ಡದಾಗಿ ಕೇಳುತ್ತಿತ್ತು. ಸಭೆಯ ಪಾದ್ರಿ ಅಯ್ಯನವರ ಮಾತು ಮಾತ್ರ ಇಲ್ಲ.

ಆದರೂ ಅವರು ಒಂದು ಭಾನುವಾರವೂ ತಪ್ಪಿಸಿದವರಲ್ಲ. ಬಾಸೆಲ್ ಮಿಶನ್ನಿನ ಹಳೇ ಕುಟುಂಬ; ಪ್ರಾಯದಲ್ಲಿ ಮಲ್ಪೆಯ ಸಭೆಯ ಗಾಯನ ತಂಡದಲ್ಲಿ ದಪ್ಪ ದನಿ ಇವರದೇ. ಮುಂದಿನ ಸಾಲಿನಲ್ಲಿ ಕೂತು ಅಯ್ಯನವರ ಕೈಯಾಡಿಕೆ, ಬಿಳಿ ಗಡ್ಡ, ಕಣ್ಣು ಮುಚ್ಚಿ ತೆರೆಯುವ ಗಾಂಭೀರ್ಯ ಎಲ್ಲವನ್ನೂ ನೋಡುತ್ತಿದ್ದರು. ಸಂಜೆ ಮನೆಗೆ ಬಂದು ಚಹಾ ಕುಡಿದಾದ ಮೇಲೆ ಫ್ಯಾನು ಆರಿಸಿ, "ಇವತ್ತು ಅಯ್ಯನವರು ಎಂತ ಪ್ರಸಂಗ ಮಾಡಿದರು?" ಎಂದು ಅಂದಿನ ಉಪದೇಶದ ಬಗ್ಗೆ ಹೆಂಡತಿಯನ್ನು ಕೇಳುತ್ತಿದ್ದರು. ಸುಗುಣಾ ಸೆರಗಿಗೆ ಕೈ ಒರೆಸಿಕೊಂಡು ಬಂದು ಎಡಗಿವಿಯ ಪಕ್ಕ ಕೂರುತ್ತಿದ್ದರು.

ಆ ಪ್ರಸಂಗಗಳೆಂದರೆ! ಒಂದು ನಾಣ್ಯ ಕಳೆದುಕೊಂಡ ಹೆಂಗಸು ಮನೆಯೆಲ್ಲ ಗುಡಿಸಿದಾಗ ಮಂಚದಡಿಯಲ್ಲಿ ನೆರೆಮನೆಯವಳ ಬಾಚಣಿಗೆ, ಎದುರು ಮನೆಯ ಮಗುವಿನ ಗೆಜ್ಜೆ, ಅತ್ತೆಯ ಸೌಟು ಎಲ್ಲ ಸಿಕ್ಕಿತು, ಅವನ್ನು ಅವರವರ ಮನೆಗೆ ಕೊಟ್ಟು ಬರುವಾಗ ದಾರಿಯಲ್ಲಿ ತನ್ನ ನಾಣ್ಯ ಹೊಳೆಯಿತು. ದೇವರು ನಿನೆವೆ ಪಟ್ಟಣಕ್ಕೆ ಹೋಗೆಂದರೆ ಹೋಗದೆ ಓಡಿದ ಯೋನನನ್ನು ನುಂಗಿದ ಮೀನು, ಹೊಟ್ಟೆಯಲ್ಲಿ ಮನುಷ್ಯನಿದ್ದಾನೆ, ಇನ್ನೇನಾದರೂ ನುಂಗಿದರೆ ಅವನಿಗೆ ಪೆಟ್ಟಾದೀತೆಂದು ಮೂರು ದಿನ ಉಪವಾಸ ಕೂತಿತು. ದೇವರ ಮಾತು ಯೋನ ಕೇಳಲಿಲ್ಲ, ಮೀನು ಕೇಳಿತು.

ಸೋಮವಾರ ಬೆಳಿಗ್ಗೆ ಮೋಹನದಾಸರು ಇದನ್ನು ಕಿಟ್ಟಣ್ಣನ ಹೋಟೆಲಿನಲ್ಲಿ ಹೇಳುತ್ತಿದ್ದರು. ಕಿಟ್ಟಣ್ಣ ಉಡುಪಿಯ ಕಡೆಯವರು. ಎಂಐಡಿಸಿಯ ವಸತಿ ಭಾಗದಲ್ಲಿ ಅವರ ಸಸ್ಯಾಹಾರಿ ಹೋಟೆಲು. ದಿನಾ ದೇವರಿಗೆ ಹೂವಿಟ್ಟೇ ದುಡ್ಡಿನ ಗಲ್ಲೆಗೆ ಕೂರುವವರು, ಆದರೆ ಸೋಮವಾರದ ಕಥೆ ತಪ್ಪಿದರೆ ಅವರಿಗೆ ದಿನ ಹೋಗುತ್ತಿರಲಿಲ್ಲ. "ಮೀನು ಉಪವಾಸ ಮಾಡಿತಾ! ಭಾರೀ ಜನ ಮಾರಾಯ್ರೆ ನಿಮ್ಮ ಅಯ್ಯನವರು" ಎಂದು ನಕ್ಕು, ಇನ್ನೊಂದು ಕಾಫಿ ತರಿಸುತ್ತಿದ್ದರು.

ಹೀಗೆ ವರ್ಷಗಳು ಹೋದವು. ಡೇಟಾ ಅಗ್ಗವಾಗಿ ಎಲ್ಲರ ಕೈಯಲ್ಲೂ ದೊಡ್ಡ ಫೋನು ಬಂದ ಕಾಲಕ್ಕೆ, ನೆರೂಳಿನಲ್ಲಿ ಸಂಸಾರ ಹೂಡಿದ್ದ ಸುಮೇಧಾ ಅಪ್ಪನಿಗೂ ಒಂದು ಫೋನು ತಂದಳು. ಜೊತೆಗೆ ಕಿವಿಯನ್ನು ಪೂರ್ತಿ ಮುಚ್ಚುವಂಥ ದಪ್ಪ ಹೆಡ್‌ಫೋನು. "ಪಪ್ಪಾ, ಕುಛ್ ನಹೀ, ಇಧರ್ ದಬಾನೇ ಕಾ" ಎಂದು ಅಪ್ಪನ ಬೆರಳು ಹಿಡಿದು ಒತ್ತಿಸಿದಳು. ಠಾಣೆಯ ಒಂದು ಇಂಗ್ಲಿಷ್ ಚರ್ಚಿನ ಆರಾಧನೆ ತೆರೆಯಿತು.

ಮೋಹನದಾಸರು ಕೂತಲ್ಲೇ ನೆಟ್ಟಗಾದರು. ಗಾಯನದವರು ಹಾಡುತ್ತಿದ್ದರು. ಹೆಂಗಸರ ದನಿಯ ಕೆಳಗೆ ಗಂಡಸರದು, ಅದರ ಕೆಳಗೆ ನೆಲ ಹಿಡಿದು ನಡೆಯುವ ದಪ್ಪ ದನಿ. ಅವರ ತುಟಿ ತಾನಾಗಿ ಅಲುಗಿತು. ಮರುಕ್ಷಣ ಮನೆ ನಡುಗುವ ಹಾಗೆ ಹಾಡತೊಡಗಿದರು. ಅಡುಗೆಮನೆಯಿಂದ ಓಡಿ ಬಂದ ಸುಗುಣಾ, ಗಂಡನ ಕೆನ್ನೆಯ ಮೇಲೆ ಇಳಿಯುತ್ತಿದ್ದ ನೀರು ನೋಡಿ, ಮಗಳಿಗೆ ಸುಮ್ಮನಿರು ಎಂದು ಸನ್ನೆ ಮಾಡಿದರು.

ಅಂದಿನಿಂದ ಅವರಿಗೆ ಬೇರೆ ಕೆಲಸವಿಲ್ಲ. ಬೆಳಗಾದರೆ ಒಂದು ಚರ್ಚು, ಊಟವಾದರೆ ಇನ್ನೊಂದು. ವಾಶಿಯಲ್ಲಿ ಒಬ್ಬ ಎಳೇ ಪಾಸ್ಟರ್ ಜೀನ್ಸ್ ಹಾಕಿ, ಕೆನ್ನೆಗೆ ಮೈಕು ಅಂಟಿಸಿಕೊಂಡು, ವೇದಿಕೆಯ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ಹಿಂದಿ–ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ, ಬೆನ್ನಿಗೆ ಗಿಟಾರಿನವರು. ಅಂಬರನಾಥದಲ್ಲಿ ಒಂದು ಮನೆಯ ಹಜಾರದಲ್ಲೇ ಸಭೆ. ಕ್ಯಾಮೆರಾದ ಹತ್ತಿರ ಯಾವಾಗಲೂ ಒಂದು ಮಗು ಅಳುತ್ತಿತ್ತು. ಕಲ್ಯಾಣದ ಒಂದು ಹಳೇ ಮರಾಠಿ ಚರ್ಚಿನಲ್ಲಿ ಹಾರ್ಮೋನಿಯಂ, ಢೋಲಕಿ. ಎಲ್ಲವೂ ಕೇಳುತ್ತಿತ್ತು! ಮೋಹನದಾಸರು ಸಂತೆಗೆ ಹೊಕ್ಕ ಮಗುವಿನ ಹಾಗಾದರು.

"ಸುಗುಣಾ, ಮುಂದಿನ ತಿಂಗಳಿಂದ ನಾವು ವಾಶಿಗೆ ಹೋಗುವ" ಎಂದರು ಒಂದು ದಿನ.

"ಆ ಗಿಟಾರಿನವರ ಹತ್ತಿರವಾ? ಅಲ್ಲಿ ನನ್ನನ್ನು ಮಾತಾಡಿಸುವವರು ಯಾರು?"

"ಸರಿ, ಠಾಣೆಯ ಇಂಗ್ಲಿಷಿನವರು."

"ಅವರು ನಗುವುದೇ ಇಲ್ಲ" ಎಂದು ಸುಗುಣಾ ಒಳಗೆ ಹೋದರು.

ಈ ಸುದ್ದಿ ಕಿಟ್ಟಣ್ಣನಿಗೆ ಸರಿಬರಲಿಲ್ಲ. "ಮೋಹನಣ್ಣ, ಅಷ್ಟು ಒಳ್ಳೇ ಪ್ರಸಂಗ ಮಾಡುವ ಅಯ್ಯನವರನ್ನು ಬಿಟ್ಟು ಹೋಗುವುದಾ? ಅವರದ್ದೂ ಈ ಫೋನಿನಲ್ಲಿ ಇಲ್ಲವಾ ನೋಡಿ ಒಮ್ಮೆ" ಎಂದರು. ಇಷ್ಟು ದಿನ ತನಗೆ ಹೊಳೆಯಲಿಲ್ಲವಲ್ಲ ಎಂದು ಮೋಹನದಾಸರು ಹಣೆ ಬಡಿದುಕೊಂಡರು. ಹುಡುಕಿದರೆ, ಇತ್ತು. ಕನ್ನಡ ಸಭೆಯ ಯುವಕರು ಕೆಲವು ವರ್ಷಗಳಿಂದ ಆರಾಧನೆಯನ್ನು ಹಾಕುತ್ತಾ ಬಂದಿದ್ದರು. ಹೆಡ್‌ಫೋನು ಹಾಕಿ, ಕಾಲು ಚಾಚಿ, ಯೋನನ ಪ್ರಸಂಗವಿದ್ದ ಭಾನುವಾರವನ್ನೇ ಹಚ್ಚಿದರು.

ಅಯ್ಯನವರ ದನಿ ತೆಳ್ಳಗಿತ್ತು. ನಿನೆವೆ ಎಂಬ ಪಟ್ಟಣ ಯಾವ ನದಿಯ ದಂಡೆಯಲ್ಲಿತ್ತು, ಅದನ್ನು ಯಾರು ಯಾರು ಆಳಿದರು, ಹೀಬ್ರೂ ಮಾತಿಗೆ ಪಂಡಿತರು ಏನೇನು ಅರ್ಥ ಹೇಳುತ್ತಾರೆ... ಮೋಹನದಾಸರು ಕಾದರು. ಅರಸರ ಹೆಸರುಗಳು ಮುಗಿದು ಆಮೆನ್ ಬಂತು. ಮೀನು ಒಂದು ಮಾತಿನಲ್ಲಿ ಬಂದು ಹೋಗಿತ್ತು. ಉಪವಾಸದ ಸುದ್ದಿಯೇ ಇಲ್ಲ. ಹುಡುಗರು ನಡುವೆ ಕತ್ತರಿಸಿದರೋ ಎಂದು ಮೊದಲಿಂದ ಇನ್ನೊಮ್ಮೆ ಕೇಳಿದರು. ಆಮೇಲೆ ನಾಣ್ಯದ ಹೆಂಗಸಿನ ಭಾನುವಾರ ಹಚ್ಚಿದರು. ಬಾಚಣಿಗೆಯೂ ಇಲ್ಲ, ಗೆಜ್ಜೆಯೂ ಇಲ್ಲ.

ಹೆಡ್‌ಫೋನು ಕೊರಳಿಗಿಳಿಸಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಸುಗುಣಾ ಬಂಗುಡೆ ಸೀಳುತ್ತಿದ್ದರು.

"ಮೀನು ಎಲ್ಲಿ?"

"ಇಲ್ಲೇ ಉಂಟಲ್ಲ, ಕಾಣುವುದಿಲ್ಲವಾ?"

"ಯೋನನ ಮೀನು! ಉಪವಾಸ ಕೂತ ಮೀನು. ಅಯ್ಯನವರು ಅದನ್ನು ಹೇಳಲೇ ಇಲ್ಲ."

ಸುಗುಣಾರ ಕೈ ನಿಂತಿತು. ಮುಖ ಕೆಂಪಗಾಯಿತು. ಆಮೇಲೆ ತಡೆಯಲಾರದೆ ನಗು ಬಂತು. ಗಂಡನ ಎಡಗಿವಿಯ ಹತ್ತಿರ ಬಂದು, ಮೀನಿನ ಕೈಯನ್ನು ದೂರ ಹಿಡಿದು ಹೇಳಿದರು: "ಮೊದಮೊದಲು ಅವರು ಹೇಳಿದ್ದನ್ನೇ ಹೇಳುತ್ತಿದ್ದೆ. ನೀವು ಕೆಲಸ ಬಿಟ್ಟ ವರ್ಷ, ನೆನಪುಂಟಾ, ಮೂಲೆ ಹಿಡಿದು ಕೂತಿದ್ದಿರಿ. ನಾನು ಎಷ್ಟು ಹೇಳಿದರೂ ಹೂಂ, ಹೂಂ. ಒಂದು ಭಾನುವಾರ ಲೋಡ್ ಶೆಡ್ಡಿಂಗ್, ಕರೆಂಟಿಲ್ಲ. ನಾನು ಹೇಳುತ್ತಿದ್ದ ಪ್ರಸಂಗ ಬೇಗ ಮುಗಿದುಹೋಯಿತು, ಕರೆಂಟು ಬರಲಿಲ್ಲ. ಸುಮ್ಮನೆ ಕೂರುವುದು ಹೇಗೆ ಅಂತ ನೋಹನ ಹೆಂಡತಿಯ ಸುದ್ದಿ ಸ್ವಲ್ಪ ಸೇರಿಸಿದೆ. ನಾವೆಯಲ್ಲಿ ತುಂಬಿಸಿದ ಆ ಎಲ್ಲ ಪ್ರಾಣಿಗಳ ಸಗಣಿ ಬಾಚುವವರು ಯಾರು ಅಂತ ಅವಳು ಜಗಳ ಮಾಡಿದ್ದು. ನೀವು ನಕ್ಕಿರಿ. ಎಷ್ಟೋ ತಿಂಗಳ ಮೇಲೆ ನಕ್ಕದ್ದು. ಮತ್ತೆ ಹೇಗೆ ಬಿಡುವುದು?"

ಮೋಹನದಾಸರಿಗೆ ಮೊದಲು ಕೋಪವೇ ಬಂತು. ಇಷ್ಟು ವರ್ಷ ಕಿಟ್ಟಣ್ಣನ ಮುಂದೆ ಅಯ್ಯನವರ ಹೆಸರಿನಲ್ಲಿ ಹೇಳಿದ್ದೇನು! ಜಗಲಿಯಲ್ಲಿ ಹೋಗಿ ಕೂತರು. ಕೂತು ಯೋಚಿಸಿದಷ್ಟೂ ಒಂದೊಂದೇ ಕಥೆ ನೆನಪಿಗೆ ಬಂತು, ಕೋಪ ಎಲ್ಲಿ ಹೋಯಿತೋ. ಇಷ್ಟು ಕಾಲ ಒಂದೇ ಮನೆಯಲ್ಲಿದ್ದು, ಇವಳ ತಲೆಯಲ್ಲಿ ಇಷ್ಟೆಲ್ಲ ಇದೆಯೆಂದು ತನಗೆ ಗೊತ್ತೇ ಇರಲಿಲ್ಲವಲ್ಲ ಎಂದು ಬೆರಗಾಯಿತು. ಒಳಗೆ ಹೋಗಿ ಫೋನನ್ನು ಸುಗುಣಾರ ಮುಂದಿಟ್ಟರು.

"ನಾನು ಹುಡುಕಿದ್ದು ಸಾಕು. ಚರ್ಚು ನೀನು ಆರಿಸು."

ಸುಗುಣಾ ಆರಿಸಿದ ರೀತಿ ಬೇರೆ. ಹೆಡ್‌ಫೋನು ಹಾಕಿಕೊಳ್ಳಲೇ ಇಲ್ಲ. ದನಿಯನ್ನು ಪೂರ್ತಿ ಇಳಿಸಿ, ಬರೀ ಜನರನ್ನು ನೋಡಿದರು. ಯಾರ ಪಕ್ಕ ಯಾರು ಕೂರುತ್ತಾರೆ, ತಡವಾಗಿ ಬಂದವರಿಗೆ ಜಾಗ ಬಿಡುತ್ತಾರೋ, ಮುದುಕಿಯರನ್ನು ಎಬ್ಬಿಸುವಾಗ ಕೈ ಕೊಡುತ್ತಾರೋ. ಕಲ್ಯಾಣದ ಮರಾಠಿ ಚರ್ಚಿನ ಒಂದು ವೀಡಿಯೊದಲ್ಲಿ ಆರಾಧನೆ ಮುಗಿದ ಮೇಲೂ ಯಾರೋ ಕ್ಯಾಮೆರಾ ನಿಲ್ಲಿಸಲು ಮರೆತಿದ್ದರು. ಜನ ಹೊರಡಲೇ ಇಲ್ಲ. ಒಬ್ಬಳು ಇನ್ನೊಬ್ಬಳ ಮಗುವಿಗೆ ಬಿಸ್ಕತ್ತು ತಿನ್ನಿಸುತ್ತಿದ್ದಳು. ಪಾದ್ರಿಯವರು ಅಂಗಿಯ ತೋಳು ಮಡಚಿ ಬೆಂಚು ಎತ್ತುತ್ತಿದ್ದರು. ನಾಲ್ಕೈದು ಹೆಂಗಸರು ಒಂದು ಮೂಲೆಯಲ್ಲಿ ಬಾಗಿ ಬಾಗಿ ನಗುತ್ತಿದ್ದರು. ಸುಗುಣಾ ಅದನ್ನು ಕೊನೆಯವರೆಗೂ ನೋಡಿದರು.

"ಇಲ್ಲಿಗೆ ಹೋಗುವ."

"ಅದು ಮರಾಠಿ. ನನಗೇನೋ ಕಾರ್ಖಾನೆಯಲ್ಲಿ ಕಲಿತದ್ದುಂಟು. ನಿನಗೆ?"

"ಮೀನಿನವಳ ಹತ್ತಿರ ಚೌಕಾಸಿ ಮಾಡುವಷ್ಟು ಉಂಟು. ದೇವರ ಹತ್ತಿರ ಅಷ್ಟು ಸಾಕು."

ಹೊರಡುವ ಮೊದಲು ಕನ್ನಡ ಸಭೆಯ ಅಯ್ಯನವರಿಗೆ ಹೇಳಬೇಕಲ್ಲ. ಮೋಹನದಾಸರು ಹೇಗೆ ಹೇಳುವುದೆಂದು ಒದ್ದಾಡುತ್ತಿದ್ದಾಗ ಅಯ್ಯನವರೇ ಮನೆಗೆ ಬಂದರು. ಕಾಯಿಲೆಯವರು, ಕಷ್ಟದವರು ಎಲ್ಲಿದ್ದರೂ ನಡೆದು ಹೋಗುವ ಮನುಷ್ಯ ಅವರು. ಇವರ ಸುದ್ದಿ ಯಾರಿಂದಲೋ ಕೇಳಿದ್ದರು. ಎಡಗಿವಿಯ ಹತ್ತಿರವೇ ಕುರ್ಚಿ ಎಳೆದುಕೊಂಡು, "ಕರ್ಕಡರೇ, ಕೇಳದೆಯೂ ಇಷ್ಟು ವರ್ಷ ಮುಂದಿನ ಸಾಲಿನಲ್ಲಿ ಕೂತಿರಿ. ಕೇಳುವ ಕಡೆಗೆ ಹೋಗಲು ನನ್ನ ಅಪ್ಪಣೆ ಯಾಕೆ?" ಎಂದರು. ಆ ಮಾತಿಗೆ ಕರಗಿದ ಮೋಹನದಾಸರು ಮೀನಿನ ಕಥೆಯನ್ನು ಬಾಯಿಬಿಟ್ಟರು. ಸುಗುಣಾ ನಾಚಿ ಒಳಗೆ ಓಡಿದರು. ಅಯ್ಯನವರು ಗಡ್ಡ ಅಲುಗುವ ಹಾಗೆ ನಕ್ಕು, ಅಡುಗೆಮನೆಯ ಕಡೆಗೆ ಕೂಗಿ ಕೇಳಿದರು: "ಸುಗುಣಮ್ಮಾ, ಆ ಮೀನನ್ನು ನಾನು ಸ್ವಲ್ಪ ಎರವಲು ತೆಗೆದುಕೊಳ್ಳಲಾ? ನಮ್ಮ ಜನ ಯೋನನ ದಿವಸ ಭಾರೀ ನಿದ್ದೆ ಮಾಡಿದರು."

ಕಲ್ಯಾಣಕ್ಕೆ ಹೋದ ಮೊದಲ ಭಾನುವಾರ ಮಾತ್ರ ಎಡವಟ್ಟಾಯಿತು. ಫೋನಿನಲ್ಲಿ ಅಷ್ಟು ಚೆನ್ನಾಗಿ ಕೇಳುತ್ತಿದ್ದ ಚರ್ಚಿನಲ್ಲಿ, ಎದುರು ಕೂತರೆ ಮತ್ತೆ ಅದೇ ಗರಗರ. ಎತ್ತರದ ಮಾಡಿಗೆ ದನಿ ಬಡಿದು ಗೊಜ್ಜಾಗುತ್ತಿತ್ತು. ಮೋಹನದಾಸರು ಮಷೀನನ್ನು ತೆಗೆದರು, ಹಾಕಿದರು, ತಟ್ಟಿದರು. ಹಿಂದೆ ಮೈಕಿನ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದ ಮನೀಶ ಎಂಬಾತ, ರೈಲ್ವೆಯಲ್ಲಿ ಸಿಗ್ನಲ್ ಕೆಲಸದವನು, ಇದನ್ನು ಗಮನಿಸಿ ಎದ್ದು ಬಂದ. ಕೈ ಹಿಡಿದು ಕರೆದೊಯ್ದು ತನ್ನ ಪಕ್ಕ ಕೂರಿಸಿ, ಪೆಟ್ಟಿಗೆಗೆ ಸಿಕ್ಕಿಸಿದ್ದ ತನ್ನ ಹೆಡ್‌ಫೋನನ್ನು ಅವರ ತಲೆಗೆ ಹಾಕಿದ. "ಕಾಕಾ, ಐಕೂ ಯೇತಯ್ ಕಾ?" ಕೇಳಿಸುತ್ತಿದೆಯಾ ಎಂದು ವಿಚಾರಿಸಿದ. ಪಾದ್ರಿಯವರ ಮಾತು ನೇರವಾಗಿ ಮೋಹನದಾಸರ ತಲೆಯೊಳಗೆ ಬರುತ್ತಿತ್ತು. ಹಾಡು ಶುರುವಾದಾಗ ಅವರ ದನಿಗೆ ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು.

ಆ ದಿನ ಮನೆಗೆ ಬಂದು ಚಹಾ ಕುಡಿಯುವಾಗ ಕೇಳಿದವರು ಸುಗುಣಾ. "ನನಗೆ ಅರ್ಧ ತಿಳಿಯಲಿಲ್ಲ. ಎಂತ ಹೇಳಿದರು?"

"ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಸಮಾರ್ಯದವನು ಎತ್ತಿಕೊಂಡು ಹೋಗಿ ಛತ್ರದಲ್ಲಿ ಬಿಟ್ಟ. ಹಾಗೆ ನಾವೂ ಇರಬೇಕು. ಅಷ್ಟೇ."

"ಅಷ್ಟೇಯಾ? ಛತ್ರದವನ ಹೆಂಡತಿ ಎಂತ ಹೇಳಿದಳು?"

"ಅವಳ ಸುದ್ದಿ ಬೈಬಲಿನಲ್ಲಿ ಇಲ್ಲ ಮಾರಾಯ್ತಿ."

"ಇಲ್ಲದೆ ಹೇಗೆ? ಆ ರಕ್ತದ ಬಟ್ಟೆ ಒಗೆದದ್ದು ಯಾರು ಮತ್ತೆ?"

ಮೋಹನದಾಸರು ಎದ್ದು ಹೋಗಿ ಫ್ಯಾನು ಆರಿಸಿ ಬಂದು ಕೂತರು.

ಅವರಿಬ್ಬರೂ ಕಲ್ಯಾಣದವರೇ ಆಗಿಹೋದರು. ಒಂದೆರಡು ತಿಂಗಳಲ್ಲಿ ಸುಗುಣಾರಿಗೆ ಆ ಮೂಲೆಯ ಹೆಂಗಸರೆಲ್ಲ ಗೆಳತಿಯರು. ಚಿಕ್ಕ ಮಕ್ಕಳ ಭಾನುವಾರದ ಪಾಠವೂ ಅವರ ಪಾಲಿಗೆ ಬಂತು. ಮರಾಠಿಯಲ್ಲಿ ಶುರುಮಾಡಿ, ತಡೆದಲ್ಲಿ ಹಿಂದಿ, ಅಲ್ಲೂ ತಡೆದರೆ ಕನ್ನಡ. ಮಕ್ಕಳು ಅಪ್ಪ–ಅಮ್ಮ ಕರೆದರೂ ಏಳುತ್ತಿರಲಿಲ್ಲ. ತಿಂಗಳ ಕೊನೆಯ ಭಾನುವಾರ ಮಾತ್ರ ಇಬ್ಬರೂ ಠಾಣೆಗೆ ಹೋಗಿ ಕನ್ನಡ ಸಭೆಯವರನ್ನು ಮಾತಾಡಿಸಿ ಬರುತ್ತಿದ್ದರು.

೨೦೧೮ರ ಕ್ರಿಸ್ಮಸ್ಸಿಗೆ ಕಿಟ್ಟಣ್ಣನನ್ನೂ ಅವರ ಹೆಂಡತಿ ಜಲಜಾಕ್ಷಿಯನ್ನೂ ಕಲ್ಯಾಣಕ್ಕೆ ಕರೆದುಕೊಂಡು ಹೋದರು. ಜಲಜಾಕ್ಷಿ ಜರಿ ಸೀರೆ ಉಟ್ಟು ಬಂದು, ಹೋದ ಕೂಡಲೇ ಹೆಂಗಸರ ನಡುವೆ ಸೇರಿಕೊಂಡರು. ಕಿಟ್ಟಣ್ಣ ಮೊದಲ ಸಲ ಚರ್ಚಿನೊಳಗೆ ಬಂದವರು, ಏಳುವಾಗ ಎದ್ದು, ಕೂರುವಾಗ ಕೂತು, ತುಂಬಾ ಗಂಭೀರವಾಗಿದ್ದರು. ಎಲ್ಲ ಮುಗಿದು ಅಂಗಳದಲ್ಲಿ ಚಹಾ ಬಂತು. ಒಂದು ಗುಟುಕು ಕುಡಿದವರೇ ಮೋಹನದಾಸರ ಕಿವಿಗೆ ಬಾಗಿದರು.

"ಮೋಹನಣ್ಣ, ಪ್ರಸಂಗ ಫಸ್ಟ್ ಕ್ಲಾಸ್. ಹಾಡೂ ಅಡ್ಡಿಯಿಲ್ಲ. ಆದರೆ ಈ ಚಹಾ ಯಾರು ಮಾಡಿದ್ದು ಮಾರಾಯ್ರೆ? ಇಷ್ಟು ಜನಕ್ಕೆ ಇಂಥ ನೀರು ಕೊಡುವುದಾ? ಈಸ್ಟರಿಗೆ ನಾನು ನಮ್ಮ ಹುಡುಗರನ್ನು ಕಳಿಸ್ತೇನೆ."

ಕಳಿಸುತ್ತೇನೆ ಎಂದವರು ಕಳಿಸಲಿಲ್ಲ. ಈಸ್ಟರ್ ದಿನ ಬೆಳಗಾಗುವಾಗ ಹಂಡೆ, ಹಾಲು, ಜಜ್ಜಿದ ಶುಂಠಿ ಎಲ್ಲವನ್ನೂ ಟೆಂಪೋದಲ್ಲಿ ಹೇರಿಕೊಂಡು, ಗಲ್ಲೆಯನ್ನು ಮಗನಿಗೆ ಒಪ್ಪಿಸಿ, ತಾವೇ ಬಂದು ನಿಂತಿದ್ದರು.