ಒಣಮೀನಿನ ಅಣ್ಣನ ತಲೆಗೆ ಕಟ್ಟಿದ ಬೈರಾಸು

ಮೊನ್ನೆ ಪುತ್ತೂರಿನ ದರ್ಬೆಯ ನಮ್ಮ ಮನೆಯಲ್ಲಿ ಹೆಂಡತಿ ಒಣಸಿಗಡಿ ಹುರಿಯಲು ಶುರು ಮಾಡಿದ್ದೇ ತಡ, ಮೇಲಿನ ಮನೆಯವರು ದಡಬಡನೆ ಕಿಟಕಿ ಮುಚ್ಚಿಕೊಂಡರು. ನಾನು ಮಾತ್ರ ಪೇಪರು ಮಡಚಿಟ್ಟು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಆ ವಾಸನೆಯ ಹಿಂದೆಯೇ ಒಂದು ದೊಡ್ಡ ನಗು ಕೇಳಿಸಿದ ಹಾಗಾಯಿತು... ಕಡಬದ ಸಂತೆಯ ಒಣಮೀನಿನ ಅಣ್ಣನ ನಗು.

ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ನಾನು ಮೈ ಒರೆಸುವ ಬೈರಾಸು, ಲುಂಗಿ, ಬನಿಯನುಗಳ ಗಂಟು ಹೊತ್ತು ಸುಳ್ಯ, ಕಡಬ, ಪುತ್ತೂರು ಎಂದು ಸಂತೆಯಿಂದ ಸಂತೆಗೆ ತಿರುಗುತ್ತಿದ್ದೆ. ಇಪ್ಪತ್ತಾರರ ಪ್ರಾಯ, ಮೂಗಿನ ತುದಿಯಲ್ಲಿ ಸಿಟ್ಟು. ಒಣಮೀನಿನ ಅಣ್ಣನಿಗೆ ಐವತ್ತು ದಾಟಿತ್ತು. ಒಣಬಂಗುಡೆ, ಸಿಗಡಿಗಳ ರಾಶಿಯ ನಡುವೆ ಕೂತು ಬಂದವರಿಗೆಲ್ಲ ಸಾರು ಮಾಡುವ ಕ್ರಮ ಹೇಳಿಕೊಡುತ್ತಿದ್ದರು. ಕೇಳಿದವರು ಬಾಯಲ್ಲಿ ನೀರೂರಿ ಕೊಂಡೇ ಹೋಗಬೇಕು.

ಒಂದು ದಿನ ಕಡಬದಲ್ಲಿ ನನಗೆ ಅವರ ಪಕ್ಕದ ಜಾಗವೇ ಸಿಕ್ಕಿತು. ಗಾಳಿ ಬೇರೆ ಆ ಕಡೆಯಿಂದ. ಇಬ್ಬರು ಹೆಂಗಸರು ಬೈರಾಸನ್ನು ಮೂಸಿ ನೋಡಿ ಕೆಳಗಿಟ್ಟು ಹೋದರು. ಮೂರನೆಯವರು ಮೂಗು ಮುಚ್ಚಿಕೊಂಡು ನಕ್ಕರು.

ಸಂತೆ ಮುಗಿದ ಮೇಲೆ ವ್ಯಾಪಾರಿಗಳೆಲ್ಲ ಹಿಂದಿನ ಕಳ್ಳಿನ ಗಡಂಗಿನಲ್ಲಿ ಸೇರುವುದು ವಾಡಿಕೆ. ನಾನು ಎರಡನೆಯ ಬಾಟಲಿಯಲ್ಲಿದ್ದೆ. ಅಣ್ಣ ಬಂದು ಪಕ್ಕದಲ್ಲಿ ಕೂತು, "ಎಂತ ಮಾರಾಯ, ಮುಖ ಊದಿದೆಯಲ್ಲ, ವ್ಯಾಪಾರ ಆಗ್ಲಿಲ್ವಾ?" ಎಂದು ಬೆನ್ನು ತಟ್ಟಿದರು.

"ನಿಮ್ಮ ಹತ್ರ ಕೂತ್ರೆ ಯಾರು ಬರ್ತಾರೆ? ನೀವು ಮನುಷ್ಯರಾ, ಕೊಳೆತ ಮೀನಾ? ದೂರ ಕೂತ್ಕೊಳ್ಳಿ!"

ಅಣ್ಣನ ಮುಖದ ನಗು ಆರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. "ಇನ್ನೊಮ್ಮೆ ಹೇಳು" ಎಂದರು. ಹೇಳಿದೆ. ಕೆನ್ನೆಗೆ ಬಿತ್ತು ಒಂದು. ಬೆಂಚು ಮಗುಚಿತು, ಯಾರೋ ನನ್ನ ಅಂಗಿ ಹಿಡಿದೆಳೆದರು, ನನ್ನ ಕೈಗೆ ಬಾಟಲಿ ಸಿಕ್ಕಿತು... ಮತ್ತೆ ನೋಡಿದರೆ ಅಣ್ಣ ನೆಲದಲ್ಲಿ ಕೂತಿದ್ದರು. ತಲೆ ಒಡೆದು ರಕ್ತ ಕಣ್ಣಿಗಿಳಿಯುತ್ತಿತ್ತು.

ಕುಡಿದದ್ದೆಲ್ಲ ಒಂದೇ ಸಲಕ್ಕೆ ಇಳಿಯಿತು. ಗಂಟಿನಿಂದ ಹೊಸ ಬೈರಾಸು ಎಳೆದು ಅವರ ತಲೆಗೆ ಬಿಗಿದೆ. ಯಾರದೋ ಜೀಪಿನಲ್ಲಿ ಡಾಕ್ಟರ ಬಳಿಗೆ ಹೊರಟೆವು. ದಾರಿಯುದ್ದಕ್ಕೂ ಅವರ ತಲೆ ನನ್ನ ಭುಜದ ಮೇಲೆ. ಕಣ್ಣು ಮುಚ್ಚಿದ್ದರು. ಈ ಮನುಷ್ಯ ಸತ್ತೇ ಹೋದರೆ... "ಅಣ್ಣ, ಎಂತಾದ್ರೂ ಮಾತಾಡಿ" ಎಂದು ಅತ್ತೆ.

ಅವರು ನಿಧಾನಕ್ಕೆ ಕಣ್ಣು ತೆರೆದು ಬೈರಾಸನ್ನು ಮುಟ್ಟಿ ನೋಡಿದರು. "ಒಳ್ಳೆ ಮಾಲು ಮಾರಾಯ. ಒಂದು ತೊಟ್ಟು ಕೆಳಗೆ ಬೀಳ್ಲಿಲ್ಲ ನೋಡು."

ಡಾಕ್ಟರು ವಿಚಾರಿಸಿದರೆ, "ಗಡಂಗಿನ ಬಾಗಿಲು ತಗ್ಗು ಉಂಟು ಡಾಕ್ಟ್ರೇ, ಬಗ್ಗುದು ಮರ್ತೆ" ಎಂದುಬಿಟ್ಟರು. ಹೊಲಿಗೆ ಹಾಕಿಸಿಕೊಂಡು ಹೊರಬಂದವರು, ಜಗಲಿಯಲ್ಲಿ ಕಾಯುತ್ತಿದ್ದ ರೋಗಿಗಳಿಗೆ ಆ ರಕ್ತದ ಬೈರಾಸನ್ನೇ ಎತ್ತಿ ತೋರಿಸಿ, "ಇಂಥದ್ದು ಬೇರೆ ಎಲ್ಲಿಯೂ ಸಿಗುದಿಲ್ಲ, ಇವನ ಹತ್ರ ಮಾತ್ರ ಉಂಟು" ಎಂದು ವ್ಯಾಪಾರಕ್ಕೇ ಇಳಿದರು! ಜ್ವರದವರೂ ನಕ್ಕರು. ಕಾಲಿಗೆ ಕಟ್ಟು ಹಾಕಿಸಿಕೊಂಡಿದ್ದ ಒಬ್ಬರು ನಿಜಕ್ಕೂ ಎರಡು ಬೇಕೆಂದರು. ನಾನು ಅಳುತ್ತಲೇ ಜೀಪಿನಿಂದ ಗಂಟು ತಂದು ಬಿಚ್ಚಿದೆ.

ಮುಂದಿನ ವಾರ ಬೇಗ ಹೋಗಿ ನಾನಾಗಿಯೇ ಅವರ ಪಕ್ಕದಲ್ಲಿ ತಾಡಪಾಲು ಹಾಸಿದೆ. "ತಪ್ಪಾಯ್ತು ಅಣ್ಣ" ಎಂದೆ.

"ಮೊದಲು ಕೈ ಎತ್ತಿದ್ದು ನಾನಲ್ವಾ? ಬಿಡು ಅತ್ಲಾಗಿ. ಗಾಳಿ ಇವತ್ತೂ ಹಾಗೇ ಉಂಟು, ನೀನು ಈ ಬದಿಗೆ ಬಾ."

ಗಾಳಿ ನೋಡಿ ಜಾಗ ಅದಲುಬದಲು ಮಾಡಿಕೊಳ್ಳುತ್ತಲೇ ಎಂಟು ವರ್ಷ ಕಳೆದೆವು. ನಾನು ಚಹಾಕ್ಕೆ ಹೋದರೆ ಅವರು ಬೈರಾಸು ಮಾರುತ್ತಿದ್ದರು; ಅವರು ಹೋದರೆ ನಾನು ಬಂಗುಡೆ ಸಾರಿನ ಕ್ರಮ ಹೇಳುತ್ತಿದ್ದೆ, ಹುಳಿ ಹಾಕುವುದನ್ನು ಮರೆತು ಹೆಂಗಸರಿಂದ ಬೈಸಿಕೊಳ್ಳುತ್ತಿದ್ದೆ. ಅಷ್ಟು ನಗು ನಾನು ಮತ್ತೆಲ್ಲಿಯೂ ನಕ್ಕಿಲ್ಲ.

ಮಳೆಗಾಲದಲ್ಲಿ ನನ್ನ ತಿರುಗಾಟ ನಿಲ್ಲುತ್ತಿತ್ತು. ಒಂದು ವರ್ಷ ಮಳೆ ಕಳೆದು ನಾನು ಸಂತೆಗೆ ಹೋದಾಗ ಆ ಜಾಗದಲ್ಲಿ ಅವರ ಅಳಿಯ ಕೂತಿದ್ದ. ಆಟಿ ತಿಂಗಳ ಜಡಿಮಳೆಯಲ್ಲಿ ಜ್ವರ ಬಂದು ತೀರಿಕೊಂಡರಂತೆ... ತಿಳಿಸೋಣವೆಂದರೆ ನಿಮ್ಮ ಮನೆ ಎಲ್ಲಿ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ ಎಂದ.

ಮೊನ್ನೆ ಸಿಗಡಿ ಚಟ್ನಿ ಕಲಸುತ್ತಾ ಹೆಂಡತಿ ನಾನು ಹೇಳಿದ ಇದನ್ನೆಲ್ಲ ಕೇಳಿಸಿಕೊಂಡಳು. ಜಗಲಿಯ ವ್ಯಾಪಾರಕ್ಕೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ಕೈ ತೊಳೆಯುತ್ತಾ, "ಅಷ್ಟು ವರ್ಷ ಪಕ್ಕದಲ್ಲಿ ಕೂತವರನ್ನು ಒಂದು ದಿನ ಮನೆಗೆ ಊಟಕ್ಕೆ ಕರೀಲಿಲ್ವಾ ನೀವು?" ಎಂದಳು.

ಕರೆದಿರಲಿಲ್ಲ. ಮುಂದಿನ ವಾರವೂ ಸಿಗುತ್ತಾರಲ್ಲ ಎಂದುಕೊಂಡೇ ಇದ್ದೆ.