ಎಡಕ್ಕೆ ವಾಲಿದ ಹೊಲಿಗೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಡೆಟ್ರಾಯಿಟ್‌ನ ಪೂರ್ವ ಭಾಗದ ಒಂದು ಬೀದಿಯಲ್ಲಿ, ಮನೆಯ ಹಿಂದಿನ ಕಾರ್ ಶೆಡ್ಡಿನ ಬಾಗಿಲನ್ನು ಅರ್ಧ ಎತ್ತಿಟ್ಟು ಅರ್ನಸ್ಟೀನ್ ಟಾಲಿವರ್ ಸ್ಟೂಲಿನ ಮೇಲೆ ಕುಳಿತಿದ್ದಾರೆ. ರಾತ್ರಿ ಬಿದ್ದ ಹಿಮ ಅಂಗಳದಲ್ಲಿ ಹಾಗೇ ಇದೆ. ಕಾಲ ಬಳಿ ಹೀಟರ್ ಉರಿಯುತ್ತಿದೆಯಾದರೂ ಅದರ ಶಾಖ ಮೊಣಕಾಲಿನಿಂದ ಮೇಲಕ್ಕೆ ಹತ್ತುತ್ತಿಲ್ಲ. ಬಾಗಿಲು ಮುಚ್ಚಿದರೆ ಬೆಚ್ಚಗಿರುತ್ತದೆ, ನಿಜ. ಆದರೆ ಮಖಮಲ್ಲಿನ ಕೂದಲಿನಂಥ ನವಿರು ಯಾವ ಕಡೆಗೆ ಮಲಗಿದೆ ಎಂಬುದು ಬಲ್ಬಿನ ಬೆಳಕಿನಲ್ಲಿ ಅವರ ಕಣ್ಣಿಗೆ ಈಗ ಕಾಣುವುದಿಲ್ಲ. ಅದಕ್ಕೆ ಬೆಳಗಿನ ಬೆಳಕೇ ಬೇಕು.

ಎದುರಿನ ಮೇಜಿನ ಮೇಲೆ ಒಂದು ಕಾರಿನ ಸೀಟು ಬೋರಲಾಗಿ ಬಿದ್ದಿದೆ. ಕಡು ಕೆಂಪು ಮಖಮಲ್ಲು, ದಿಂಬಿನಂತೆ ಉಬ್ಬಿದ ಮೈ, ಉದ್ದಕ್ಕೂ ಗುಂಡಿಗಳು. ಎಪ್ಪತ್ತಾರನೇ ಇಸವಿಯ ಕ್ಯಾಸ್ಟಿಲಾನ್ ಕಾರಿನದು. ಡ್ರೈವರ್ ಪಕ್ಕದ ಸೀಟು. ಹಿಂಬದಿಯ ಸಣಬಿನ ಬಟ್ಟೆಯನ್ನು ಅರ್ಧ ಬಿಚ್ಚಿ ನಾಲ್ಕು ದಿನವಾಯಿತು. ಒಳಗಿನ ಗಂಟುಗಳನ್ನು ಕತ್ತರಿಸಿ, ಹಳೆಯ ಮಖಮಲ್ಲು ಕಿತ್ತು, ಹೊಸದು ಹೊಲಿಯಬೇಕು. ಕತ್ತರಿ ಕೈಯಲ್ಲಿದೆ. ಅವರು ಆ ಗಂಟುಗಳನ್ನು ಹೆಬ್ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡಿ, ಕತ್ತರಿಯನ್ನು ಮತ್ತೆ ಕೆಳಗಿಡುತ್ತಾರೆ.

“ಇವು ನಮ್ಮಕ್ಕ ಹಾಕಿದ ಗಂಟು” ಎನ್ನುತ್ತಾರೆ. “ಅವಳು ಎಡಚಿ. ದಾರ ಉಲ್ಟಾ ಸುತ್ತೋಳು. ಇಡೀ ಕಾರ್ಖಾನೇಲಿ ಹಿಂಗೆ ಸುತ್ತೋ ಕೈ ಇನ್ನೊಂದಿರಲಿಲ್ಲ.”

ಇಷ್ಟು ವರ್ಷ ನೂರಾರು ಕ್ಯಾಸ್ಟಿಲಾನ್ ಸೀಟುಗಳನ್ನು ಬಿಚ್ಚಿದ್ದಾರೆ. ಅಕ್ಕನ ಗಂಟು ಹಾಗೇ ಉಳಿದ ಸೀಟು ಕೈಗೆ ಸಿಕ್ಕಿದ್ದು ಇದೇ ಮೊದಲು. ಹಳೆಯವುಗಳಲ್ಲಿ ಹೆಚ್ಚಿನವು ಯಾವಾಗಲೋ ಯಾರಿಂದಲೋ ರಿಪೇರಿಯಾಗಿ, ಗುಜರಿ ಸೇರಿ, ಮೂಲದ ಹೊಲಿಗೆ ಕಳೆದುಕೊಂಡಿರುತ್ತವೆ. ಕೆಲಸ ಎಲ್ಲಿಗೆ ಬಂತೆಂದು ನೋಡಲು ಇದರ ಮಾಲೀಕರು ಶನಿವಾರ ಬರುತ್ತಾರೆ. ಅಷ್ಟರೊಳಗೆ ಕತ್ತರಿಸುವುದೋ ಬಿಡುವುದೋ ತೀರ್ಮಾನವಾಗಬೇಕು.

ಎಪ್ಪತ್ತೆರಡು ವರ್ಷದ ಅರ್ನಸ್ಟೀನ್ ಅವರ ಹೆಸರು ಈ ಕಾರುಗಳ ಬಗ್ಗೆ ಬಂದ ಯಾವ ದಪ್ಪ ಪುಸ್ತಕದಲ್ಲೂ ಇಲ್ಲ. ಜಾಹೀರಾತುಗಳಲ್ಲಿ ಇದ್ದವರೇ ಬೇರೆ. ಕಲ್ಲಿನ ಕೋಟೆಯ ಮುಂದೆ ಕ್ಯಾಸ್ಟಿಲಾನ್ ನಿಂತಿರುತ್ತಿತ್ತು. ಪಕ್ಕದಲ್ಲಿ ಕಪ್ಪು ಸೂಟಿನ ಗಂಡಸು, ತುಪ್ಪಳದ ಕೋಟು ಹೊದ್ದ ಹೆಂಗಸು. ಕೆಳಗೆ ದೊಡ್ಡಕ್ಷರದಲ್ಲಿ ‘ಇದು ಸೀಟಲ್ಲ, ಸಿಂಹಾಸನ’. ಕಾರಿಗೆ ಮೂತಿ ಉದ್ದ, ಓಟ ಮಂದ. ಎರಡೇ ಬಾಗಿಲು. ತಲೆಯ ಅರ್ಧಕ್ಕೆ ರೆಕ್ಸಿನ್ ಟೋಪಿ, ಹಿಂದೆ ಮೊಟ್ಟೆಯಾಕಾರದ ಪುಟ್ಟ ಕಿಟಕಿ. ಒಳಗಿನದು ವೆನಿಸ್ ಮಖಮಲ್ಲು ಎಂದು ಹೇಳಿಕೊಂಡಿದ್ದರು. ಬರುತ್ತಿದ್ದದ್ದು ಕೆರೊಲಿನಾದ ಗಿರಣಿಯಿಂದ, ರೈಲಿನಲ್ಲಿ. ಪಕ್ಕದ ಮನೆಯವನಿಗಿಂತ ಒಂದು ಮೆಟ್ಟಿಲು ಮೇಲೆ ಕಾಣಬೇಕೆಂಬ ಮಂದಿ ಅದನ್ನು ಮುಗಿಬಿದ್ದು ಕೊಂಡರು.

ಆ ಸಿಂಹಾಸನಗಳನ್ನು ಹೊಲಿಯುತ್ತಿದ್ದದ್ದು ಇದೇ ಬೀದಿಯಿಂದ ನಡೆದು ಹೋಗುವಷ್ಟು ದೂರದಲ್ಲಿದ್ದ ಹಾಲ್‌ಬರ್ಗ್ ಎಂಬ ಗುತ್ತಿಗೆ ಕಾರ್ಖಾನೆಯ ಹೆಂಗಸರು. ಕಿಟಕಿಗಳಿಗೆ ಬಣ್ಣ ಬಳಿದಿದ್ದರು, ಹೊರಗೆ ನೋಡುತ್ತಾ ಕೂರಬಾರದೆಂದು. ಅಂಟಿನ ವಾಸನೆಗೆ ಮಧ್ಯಾಹ್ನದ ಊಟ ರುಚಿಸುತ್ತಿರಲಿಲ್ಲ. ಮನೆಗೆ ಹೋದ ಮೇಲೂ ಮೂಗಿನಿಂದ ಕೆಂಪು ನವಿರು ಬರುತ್ತಿತ್ತು. ಅಕ್ಕ ಲವೋನ್ ಮೊದಲು ಸೇರಿ, ಐದು ವರ್ಷ ಚಿಕ್ಕವರಾದ ತಂಗಿಯನ್ನೂ ಕರೆತಂದರು. ದಬ್ಬಣ ಹಿಡಿಯುವುದನ್ನು ಕಲಿಸಿದ್ದೂ ಅವರೇ. ಎದುರುಬದುರು ಕೂರುತ್ತಿದ್ದರು. ತಂಗಿಯದು ಡ್ರೈವರ್ ಸೀಟು, ಅಕ್ಕನದು ಪಕ್ಕದ ಸೀಟು. ಎಡಗೈಯವರಾದ ಲವೋನ್ ಹೊಲಿದ ನೆರಿಗೆಗಳು ಒಂದಿಷ್ಟು ಎಡಕ್ಕೆ ವಾಲುತ್ತಿದ್ದವು. ಕಾರು ಬಿಸಿ ದೋಸೆಯಂತೆ ಖರ್ಚಾಗುತ್ತಿದ್ದ ಕಾಲದಲ್ಲಿ ಆ ವಾಲನ್ನು ಯಾರೂ ತಪ್ಪೆನ್ನಲಿಲ್ಲ.

ಅಕ್ಕತಂಗಿಯರಿಗೆ ಒಂದು ಯೋಜನೆಯಿತ್ತು. ಇಬ್ಬರೂ ಸೇರಿ ಹಳೆಯದಾದರೂ ಸರಿ, ಒಂದು ಕ್ಯಾಸ್ಟಿಲಾನ್ ಕೊಳ್ಳಬೇಕು. ಈಸ್ಟರ್ ಭಾನುವಾರ ಚರ್ಚಿನ ಬಾಗಿಲಿಗೇ ಹೋಗಿ ಇಳಿಯಬೇಕು. “ನೀನು ಓಡ್ಸು, ನಾನು ನನ್ನ ಸೀಟಲ್ಲೇ ಕೂತ್ಕೋತೀನಿ” ಎಂದು ಅಕ್ಕ ಹೇಳುತ್ತಿದ್ದರಂತೆ. ತಂಗಿಗೆ ಆಗ ಕಾರು ಓಡಿಸಲು ಬರುತ್ತಲೂ ಇರಲಿಲ್ಲ.

ಎಪ್ಪತ್ತಾರರ ಬೇಸಿಗೆಯಲ್ಲಿ ಬೇಡಿಕೆ ಏರಿತು. ಸೀಟುಗಳು ಸಾಗಿಬರುವ ಸಾಲಿನ ವೇಗವನ್ನೂ ಏರಿಸಿದರು. ದಾರವನ್ನು ಮಾತ್ರ ಅಗ್ಗದ್ದಕ್ಕೆ ಇಳಿಸಿದರು. ಲವೋನ್ ಅವರ ಎಡ ಮಣಿಕಟ್ಟು ಬನ್ನಿನಂತೆ ಊದಿಕೊಂಡಿತು. ಹಿಂದೆ ಬಿದ್ದರೆ ಕೆಲಸ ಹೋಗುತ್ತದೆ. ತಂಗಿ ತನ್ನ ಸೀಟು ಬೇಗ ಮುಗಿಸಿ, ಮೇಲ್ವಿಚಾರಕ ಆ ಕಡೆ ತಿರುಗಿದಾಗ ಅಕ್ಕನ ಒಂದೊಂದು ಸೀಟು ಎಳೆದುಕೊಂಡು ಹೊಲಿಯತೊಡಗಿದರು. ಗುರುತು ಸಿಗಬಾರದೆಂದು ನೆರಿಗೆಗಳನ್ನು ಬೇಕೆಂದೇ ಎಡಕ್ಕೆ ವಾಲಿಸುತ್ತಿದ್ದರು. ಆಗ ತಂಗಿ ಆರು ತಿಂಗಳ ಬಸುರಿ. ಗಂಡನಿಗೆ ಕೆಲಸವಿರಲಿಲ್ಲ.

ಶರತ್ಕಾಲದ ಹೊತ್ತಿಗೆ ದೂರುಗಳು ಬಂದವು. ಸಿಂಹಾಸನದ ಗುಂಡಿಗಳು ಕಿತ್ತು ಬರುತ್ತಿದ್ದವು. ಯಾರೋ ಒಬ್ಬ ದೊಡ್ಡ ಮನುಷ್ಯರ ಹೆಂಡತಿಯ ಕೋಟಿಗೆ ಗುಂಡಿ ಸಿಕ್ಕಿಕೊಂಡು, ಪಾರ್ಟಿಯಲ್ಲಿ ನಗೆಪಾಟಲಾಯಿತಂತೆ. ದಾರದ ಮಾತು ಯಾರೂ ಎತ್ತಲಿಲ್ಲ. ಒಬ್ಬರ ತಲೆಗೆ ಕಟ್ಟಬೇಕಿತ್ತು. ಮೇಲ್ವಿಚಾರಕ ಸಾಲು ನಿಲ್ಲಿಸಿ, ವಾಪಸ್ ಬಂದ ಸೀಟೊಂದನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದ. ನೆರಿಗೆ ಎಡಕ್ಕೆ ವಾಲಿತ್ತು. ಇದು ಯಾರ ಕೈ ಎಂದು ಕೇಳುವ ಅಗತ್ಯವೂ ಅವನಿಗಿರಲಿಲ್ಲ. ಯೂನಿಯನ್ನಿನವರು ಅಂದು ರಜೆಯಲ್ಲಿದ್ದರು. ಬೇಕಾದ ದಿನ ಅವರು ಇದ್ದದ್ದು ಕಡಿಮೆ.

ಮುಂದಿನದನ್ನು ಅರ್ನಸ್ಟೀನ್ ಕೆಲಸ ನಿಲ್ಲಿಸಿ ಹೇಳುತ್ತಾರೆ. “ಅಕ್ಕ ಎದ್ದು ಹೋಗಿ ಆ ಸೀಟು ತಿರುಗಿಸಿ ಹಿಂದ್ಗಡೆ ನೋಡಿದ್ಲು. ಗಂಟು ಬಲಕ್ಕೆ ಸುತ್ತಿತ್ತು. ನೆರಿಗೆ ಅವಳ ಥರ ಹೊಲಿದಿದ್ದೆ, ಗಂಟು ನನ್ನ ಥರಾನೇ ಹಾಕ್ಬಿಟ್ಟಿದ್ದೆ. ಅವಸರಕ್ಕೆ ಕೊನೇ ಸುತ್ತೂ ಹಾಕಿರಲಿಲ್ಲ. ಅವಳು ನನ್ನ ಮುಖ ನೋಡಿದ್ಲು, ಹೊಟ್ಟೆ ನೋಡಿದ್ಲು. ಆಮೇಲೆ ಅವನಿಗೆ, ‘ಹೌದು, ನಂದೇ’ ಅಂದ್ಲು.”

ತಂಗಿ ಬಾಯಿ ಬಿಡಲಿಲ್ಲ. ಸಾಲು ಮತ್ತೆ ಶುರುವಾಯಿತು. ಲವೋನ್ ಊಟದ ಡಬ್ಬಿ ತೆಗೆದುಕೊಂಡು ಹೊರಗೆ ನಡೆದರು.

ಕೆಟ್ಟ ಕೆಲಸಗಾರ್ತಿ ಎಂಬ ಹೆಸರು ಹೊತ್ತವರಿಗೆ ಆ ಊರಿನಲ್ಲಿ ಇನ್ನೊಂದು ಹೊಲಿಗೆಯ ಕೆಲಸ ಸಿಗಲಿಲ್ಲ. ಲಾಂಡ್ರಿ, ಶಾಲೆಯ ಅಡುಗೆಮನೆ, ಆಮೇಲೆ ಅದೂ ಇಲ್ಲ. ಎಂಬತ್ತೆರಡರ ಜನವರಿಯಲ್ಲಿ, ಚಳಿಗೆ ಉರಿಸುವ ಗ್ಯಾಸ್ ಸಂಪರ್ಕ ಕಡಿದಿದ್ದ ಬಾಡಿಗೆ ಮನೆಯಲ್ಲಿ, ನ್ಯುಮೋನಿಯಾ ಬಂದು ತೀರಿಕೊಂಡರು. ಕಾರ್ಖಾನೆಯೂ ಆ ವರ್ಷವೇ ಮುಚ್ಚಿತು. ಆ ಸೀಟಿನ ಬಗ್ಗೆ ಅಕ್ಕ ಸಾಯುವವರೆಗೂ ಒಂದು ಮಾತು ಆಡಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು ಎನ್ನುತ್ತಾರೆ ಅರ್ನಸ್ಟೀನ್.

ಆ ಕಾರುಗಳಿಗೆ ಈಗ ಮತ್ತೆ ಕಾಲ ಬಂದಿದೆ. ಹಳೆಯ ಕಾರು ಪ್ರಿಯರ ಕ್ಲಬ್ಬಿನವರು ಬೇಸಿಗೆಯ ಭಾನುವಾರಗಳಲ್ಲಿ ಹುಲ್ಲಿನ ಮೈದಾನಗಳಲ್ಲಿ ಪ್ರದರ್ಶನಕ್ಕೆಂದು ಸಾಲಾಗಿ ನಿಲ್ಲಿಸುತ್ತಾರೆ. ಮಡಚುವ ಕುರ್ಚಿ ಹಾಕಿಕೊಂಡು, ಹಾಟ್‌ಡಾಗ್ ತಿನ್ನುತ್ತಾ, ಆ ಕಾಲವೇ ಕಾಲ ಎಂದು ನಿಟ್ಟುಸಿರು ಬಿಡುತ್ತಾರೆ. ಸೀಟಿನ ಮೇಲೆ ಯಾರೂ ಕೂರುವಂತಿಲ್ಲ, ಹಗ್ಗ ಕಟ್ಟಿರುತ್ತಾರೆ. ತೀರ್ಪುಗಾರರು ಟಾರ್ಚ್ ಹಿಡಿದು ಬಗ್ಗಿ ನೋಡುತ್ತಾರೆ. ಕಾರು ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇರಬೇಕು. ಪಕ್ಕದ ಸೀಟಿನ ನೆರಿಗೆ ಎಡಕ್ಕೆ ವಾಲಿದ್ದರೆ ಪೂರ್ತಿ ಅಂಕ, ನೆಟ್ಟಗಿದ್ದರೆ ಅಂಕ ಹೋಯಿತು. ಆ ವಾಲು ಒಬ್ಬ ಇಟಾಲಿಯನ್ ವಿನ್ಯಾಸಗಾರನ ಕಲ್ಪನೆ ಎಂದು ಕ್ಲಬ್ಬಿನವರು ನಂಬಿದ್ದಾರೆ. ಅದಕ್ಕೊಂದು ಚೆಂದದ ಹೆಸರನ್ನೂ ಇಟ್ಟಿದ್ದಾರೆ.

ಹಾಗಾಗಿ ಐದಾರು ರಾಜ್ಯಗಳಿಂದ ಸೀಟುಗಳು ಈ ಶೆಡ್ಡಿಗೆ ಬರುತ್ತವೆ. ಆ ವಾಲನ್ನು ಹೊಲಿಯಬಲ್ಲ ಕೈ ಈಗ ಇದೊಂದೇ. ಒಂದು ಸೀಟಿಗೆ ಎರಡು ವಾರ ಹಿಡಿಯುತ್ತದೆ. ಮಗಳು ಬೆಳಿಗ್ಗೆ ಬಂದು ಗಂಜಿ, ಕಾಫಿ ಇಟ್ಟು, ಇನ್ನು ಸಾಕು ಮಾಡಮ್ಮ ಎಂದು ದಿನವೂ ಹೇಳಿ ಹೋಗುತ್ತಾರೆ. ಹೋದ ಬೇಸಿಗೆಯಲ್ಲಿ ಅರ್ನಸ್ಟೀನ್ ಒಂದು ಪ್ರದರ್ಶನಕ್ಕೆ ಹೋಗಿದ್ದರು. ತೀರ್ಪುಗಾರರೊಬ್ಬರಿಗೆ, ಇದು ಇಟಲಿಯದಲ್ಲ, ಎಡಗೈಯ ಹೆಂಗಸೊಬ್ಬಳ ಹೊಲಿಗೆ, ಇದಕ್ಕಾಗಿಯೇ ಅವಳನ್ನು ಹೊರಗಟ್ಟಿದರು ಎಂದು ಹೇಳಿದರು. ಅವರು ಪೂರ್ತಿ ಕೇಳಿಸಿಕೊಂಡು, ಬಹಳ ಒಳ್ಳೆಯ ಕಥೆ ಎಂದು ಕೈ ಕುಲುಕಿ ಮುಂದಿನ ಕಾರಿಗೆ ಹೋದರು. ಅವಮಾನ ಮಾಡಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಶನಿವಾರ ವೆಂಡೆಲ್ ಕೈಪರ್ ಬರುತ್ತಾರೆ. ಗ್ರ್ಯಾಂಡ್ ರ್‍ಯಾಪಿಡ್ಸ್‌ನ ನಿವೃತ್ತ ದಂತವೈದ್ಯರು, ಮೆಲುದನಿಯ ಮನುಷ್ಯ. ಅವರ ತಂದೆ ಕ್ಯಾಸ್ಟಿಲಾನ್ ಜಾಹೀರಾತನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡು, ಕೊಳ್ಳಲಾಗದೆ ಸತ್ತವರು. ಮಗ ಅದೇ ಬಣ್ಣದ್ದನ್ನು ಹುಡುಕಿ ಹುಡುಕಿ ತಂದಿದ್ದಾರೆ. ಅವರ ಆಸೆಯ ಬಗ್ಗೆ ಹಗುರವಾಗಿ ಮಾತಾಡಲು ಅರ್ನಸ್ಟೀನ್‌ಗೂ ಮನಸ್ಸಿಲ್ಲ.

ಸೀಟಿನ ಕೆಲಸ ಇನ್ನೂ ಶುರುವೇ ಆಗದಿರುವುದನ್ನು ಕಂಡು ಕೈಪರ್ ಪೆಚ್ಚಾಗುತ್ತಾರೆ. ಅರ್ನಸ್ಟೀನ್ ಗಂಟು ತೋರಿಸುತ್ತಾರೆ. ಅಕ್ಕನ ವಿಷಯ ಹೇಳುತ್ತಾರೆ. ವಾಪಸ್ ಬಂದ ಸೀಟಿನ ವಿಷಯ ಹೇಳುವುದಿಲ್ಲ.

“ಇದನ್ನ ಹಿಂಗೇ ಬಿಟ್ಬಿಡಿ, ಡಾಕ್ಟ್ರೇ. ಮಖಮಲ್ಲು ಸವೆದಿದೆ, ನಿಜ. ಆದ್ರೆ ಒಂದು ಗುಂಡಿನೂ ಕಿತ್ತಿಲ್ಲ ನೋಡಿ.”

ಕೈಪರ್ ಕನ್ನಡಕ ತೆಗೆದು ಬಹಳ ಹೊತ್ತು ಆ ಗಂಟುಗಳನ್ನು ನೋಡುತ್ತಾರೆ. ಅವರಿಗೂ ಸಂಕಟವಾಗಿದೆ.

“ಭುಜದ ಹತ್ತಿರ ಬಟ್ಟೆ ಹರಿದೇಹೋಗಿದೆ, ಅರ್ನಸ್ಟೀನ್ ಅವರೇ. ಹೀಗೆ ಮೈದಾನಕ್ಕೆ ತಗೊಂಡು ಹೋಗೋಕಾಗಲ್ಲ. ನೀವು ಬೇಡ ಅಂದ್ರೆ ನಾನು ಬಲವಂತ ಮಾಡಲ್ಲ. ಆದ್ರೆ ಬೇರೆ ಯಾರೋ ಒಬ್ರು ಕತ್ತರಿಸ್ತಾರೆ.”

ಅದು ಬೆದರಿಕೆಯಲ್ಲ, ಇದ್ದ ಮಾತು. ಬೇರೆಯವರು ಕತ್ತರಿಸಿದರೆ ಗಂಟುಗಳು ಗುಡಿಸಿದ ಕಸದ ಜೊತೆ ಡಬ್ಬಕ್ಕೆ ಹೋಗುತ್ತವೆ. ಅರ್ನಸ್ಟೀನ್ ಬಿಚ್ಚಿದ ಸಣಬಿನ ಬಟ್ಟೆಯನ್ನು ಗಂಟುಗಳ ಮೇಲೆ ಎಳೆದು ಮುಚ್ಚುತ್ತಾರೆ. ಎರಡು ವಾರ ಬಿಟ್ಟು ಬನ್ನಿ ಎನ್ನುತ್ತಾರೆ.

ಮರುದಿನ ಬೆಳಕು ಹರಿಯುತ್ತಲೇ ಕತ್ತರಿ ಹಿಡಿಯುತ್ತಾರೆ. ದಾರ ಗಟ್ಟಿಯಿದೆ. ಅಗ್ಗದ ದಾರ ಬರುವ ಮೊದಲಿನದು, ಅದಕ್ಕೊಂದು ಸುತ್ತು ಹೆಚ್ಚಾಗಿಯೇ ಹಾಕಿದ್ದಾರೆ ಲವೋನ್. ಒಂದೊಂದು ಗಂಟು ಕತ್ತರಿಸಿದಾಗಲೂ ಗುಂಡಿ ಆ ಕಡೆಯಿಂದ ಮೇಜಿನ ಮೇಲೆ ಬಿದ್ದು ಸದ್ದಾಗುತ್ತದೆ. ಅರ್ಧ ಮುಗಿಯುವಷ್ಟರಲ್ಲಿ ಅವರ ಕಣ್ಣು ತುಂಬಿ ಏನೂ ಕಾಣದಂತಾಗುತ್ತದೆ. ಒರೆಸಿಕೊಂಡು ಮುಂದುವರಿಸುತ್ತಾರೆ. ಕತ್ತರಿಸಿದ ಗಂಟುಗಳನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತಾರೆ. ಅಕ್ಕನ ಸಮಾಧಿಗೆ ಕಲ್ಲು ಹಾಕಿಸಲು ಆಗಿರಲಿಲ್ಲ, ಈಗ ಅದು ಎಲ್ಲಿದೆಯೆಂದೂ ಸರಿಯಾಗಿ ಗೊತ್ತಿಲ್ಲ. ಕೈಯಲ್ಲಿ ಉಳಿದದ್ದು ಇಷ್ಟೇ.

ಹೊಸ ಮಖಮಲ್ಲು ಹೊದಿಸಿ ನೆರಿಗೆ ಹಿಡಿಯುತ್ತಾರೆ. ಎಡಕ್ಕೆ ವಾಲಿಸುತ್ತಾರೆ. ಹಿಂದೆ ಗಂಟು ಹಾಕುವಾಗ ಮಾತ್ರ ಕೈ ಬಲಕ್ಕೇ ತಿರುಗುತ್ತದೆ. ಅಕ್ಕನಂತೆ ಸುತ್ತಲು ಪ್ರಯತ್ನಿಸಬಹುದಿತ್ತು. ಪ್ರಯತ್ನಿಸುವುದಿಲ್ಲ. ಕೊನೆಯ ಸುತ್ತು ಹಾಕಿ, ಎಳೆದು ನೋಡಿ, ಮುಂದಿನ ಗುಂಡಿಗೆ ಹೋಗುತ್ತಾರೆ.

ಎರಡು ವಾರ ಕಳೆದು ಬಂದ ಕೈಪರ್ ಸೀಟನ್ನು ಕಂಡು ಮಗುವಿನಂತೆ ಹಿಗ್ಗುತ್ತಾರೆ. ಅಂಗೈಯಿಂದ ಮಖಮಲ್ಲು ಸವರುತ್ತಾರೆ. ಅಪ್ಪ ಇದ್ದಿದ್ದರೆ ಎನ್ನುತ್ತಾರೆ. ಕಂಬಳಿಯಲ್ಲಿ ಸುತ್ತಿ ವ್ಯಾನಿಗೆ ಏರಿಸುತ್ತಾರೆ. ನಿಮ್ಮದೇನಾದರೂ ಕೋರಿಕೆ ಇದ್ದರೆ ಹೇಳಿ, ಪ್ರದರ್ಶನದ ಫಲಕದಲ್ಲಿ ನಿಮ್ಮ ಅಕ್ಕನ ಹೆಸರು ಹಾಕಿಸಲೇ ಎಂದು ಅವರಾಗಿಯೇ ಕೇಳುತ್ತಾರೆ.

ಅರ್ನಸ್ಟೀನ್ ಬೇಡವೆಂದು ತಲೆಯಾಡಿಸುತ್ತಾರೆ. ವ್ಯಾನಿನ ಬಾಗಿಲನ್ನು ಹಿಡಿದು ನಿಲ್ಲಿಸಿ, ಜೇಬಿನೊಳಗೆ ಇನ್ನೊಂದು ಕೈ ಇಟ್ಟುಕೊಂಡೇ ಹೇಳುತ್ತಾರೆ:

“ಗುಂಡಿ ಏನಾದ್ರೂ ಕಿತ್ತು ಬಂದ್ರೆ ನನ್ನ ಹತ್ರಾನೇ ಬನ್ನಿ. ಯಾರಾದ್ರೂ ಕೇಳಿದ್ರೆ, ಹೊಲಿದೋಳು ಅರ್ನಸ್ಟೀನ್ ಅಂತ ಹೇಳಿ. ಬೇರೆ ಯಾರ ಹೆಸರೂ ಹೇಳ್ಬೇಡಿ.”